ಗಾಲ್ಫ್ ಚೆಂಡಿನ ಗುಣವಿಚಾರ

ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಕರಣವನ್ನೂ ತರ್ಕವನ್ನೂ ಓದಿ, ಮೂವತ್ತು ವರ್ಷ ಮಕ್ಕಳಿಂದ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿ, ಈಗ ಪಿಂಚಣಿಯಲ್ಲಿರುವವನೊಬ್ಬನು ಗಾಲ್ಫ್ ಚೆಂಡಿನ ವಿಷಯವಾಗಿ ಬರೆಯಹೊರಟರೆ ವಾಚಕ ಮಹಾಶಯರಿಗೆ ನಗು ಬರುವುದು ಸಹಜವೇ. ನಾನು ಆ ಆಟವನ್ನು ಆಡಿದವನಲ್ಲ. ಆದರೆ ನಮ್ಮ ಮನೆಯಲ್ಲಿ ಚೆಂಡಿಗೆ ಹಣ ಕೊಡುವವನು ನಾನು. ಹಣ ಕೊಡುವವನಿಗೆ ವಸ್ತುವಿನ ಗುಣದೋಷಗಳನ್ನು ವಿಚಾರಿಸುವ ಹಕ್ಕು ತಾನಾಗಿಯೇ ಬರುತ್ತದೆ.

ನನ್ನ ಮಗಳ ಮಗನಿಗೆ ಈಗ ಹದಿನೈದು ವರ್ಷ. ನಮ್ಮ ಅಳಿಯಂದಿರು ತೀರಿಕೊಂಡ ಮೇಲೆ ತಾಯಿ ಮಕ್ಕಳಿಬ್ಬರೂ ಮೈಸೂರಿನಲ್ಲಿ ನಮ್ಮೊಡನೆಯೇ ಇದ್ದಾರೆ. ಅಳಿಯಂದಿರಿಗೆ ಈ ಆಟದಲ್ಲಿ ಬಹಳ ಆಸಕ್ತಿ. ಅವರು ಮಗನಿಗೆಂದು ಬಿಟ್ಟುಹೋದ ವಸ್ತುಗಳಲ್ಲಿ ಗಾಲ್ಫ್ ಕೋಲುಗಳ ಒಂದು ಚೀಲವೂ ಸೇರಿದೆ. ಪರಿಚಿತರೊಬ್ಬರ ಸೌಜನ್ಯದಿಂದ ಹುಡುಗನು ಭಾನುವಾರಗಳಲ್ಲಿ ಬಾಲಕರ ತರಬೇತಿಗೆ ಹೋಗುತ್ತಾನೆ. ತಂದೆಯ ಕೋಲುಗಳನ್ನು ಹಿಡಿದಾಗ ಅವನ ಮುಖದಲ್ಲಿ ಕಾಣುವ ಕಳೆಯನ್ನು ನೋಡಿ, ಈ ಆಟವು ಹೇಗಾದರೂ ನಡೆದುಕೊಂಡು ಹೋಗಬೇಕೆಂದು ನಾನೂ ಮಗಳೂ ನಿಶ್ಚಯಿಸಿದ್ದೇವೆ. ಕೋಲುಗಳು ಒಮ್ಮೆ ಇದ್ದರೆ ಇದ್ದಂತೆಯೇ, ಚೆಂಡುಗಳು ಹಾಗಲ್ಲ. ಅವು ಪೊದೆಯಲ್ಲಿ ಅಡಗುತ್ತವೆ, ನೀರಿನಲ್ಲಿ ಮುಳುಗುತ್ತವೆ, ತಿಂಗಳು ತಿಂಗಳೂ ಪಿಂಚಣಿಯನ್ನು ಕೇಳುತ್ತವೆ.

ಅವನ ಜೊತೆಯ ಹುಡುಗರು ಅನುಕೂಲಸ್ಥರ ಮಕ್ಕಳು. ಜಗತ್ಪ್ರಸಿದ್ಧ ಆಟಗಾರರು ಬಳಸುವ ಚೆಂಡುಗಳನ್ನೇ ಅವರು ಬಳಸುವರು. ಅವು ಒಂದೊಂದಕ್ಕೆ ನಾನೂರು ರೂಪಾಯಿಗೂ ಮೇಲೆ. ನಮ್ಮವನು ಅಲ್ಲಲ್ಲಿ ಸಿಕ್ಕಿದ ಗಟ್ಟಿ ಚೆಂಡುಗಳಿಂದ ಆಡುತ್ತಿದ್ದನು. ಇದನ್ನು ಕಂಡು ಅವನ ಚಿಕ್ಕಪ್ಪನು ಬೆಲೆಯುಳ್ಳ ಮೂರು ಚೆಂಡುಗಳನ್ನು ತಂದುಕೊಟ್ಟನು. ಅಲ್ಲಿಂದ ಒಂದು ವಿಚಿತ್ರವು ಕಾಣಬಂದಿತು. ಎದುರಿಗೆ ಪೊದೆಯೋ ಹೊಂಡವೋ ಇದ್ದರೆ ಹುಡುಗನು ಹೊಸ ಚೆಂಡನ್ನು ಜೇಬಿಗೆ ಹಾಕಿ ಹಳೆಯದನ್ನು ತೆಗೆಯುವನು. ಹೊಸದರಿಂದಲೇ ಆಡಬೇಕಾದಾಗ ತೋಳನ್ನು ಪೂರ್ತಿಯಾಗಿ ಬೀಸದೆ ಅಳುಕಿ ಹೊಡೆಯುವನು. “ಕಳೆದರೆ ಏನು ಮಾಡೋದು, ತಾತ?” ಎಂದು ಒಂದು ದಿನ ಕೇಳಿದನು. ಆ ಪ್ರಶ್ನೆಯು ನನ್ನನ್ನು ಈ ವಿಚಾರಕ್ಕೆ ತೊಡಗಿಸಿತು.

ಗಾಲ್ಫ್ ಚೆಂಡಿನ ತೂಕವು ೪೫.೯೩ ಗ್ರಾಮಿಗೆ ಮೀರಕೂಡದು, ಅಡ್ಡಳತೆಯು ೪೨.೬೭ ಮಿಲಿಮೀಟರಿಗೆ ಕಡಿಮೆಯಾಗಕೂಡದು. ಬಡವನ ಚೆಂಡಿಗೂ ಶ್ರೀಮಂತನ ಚೆಂಡಿಗೂ ಈ ನಿಯಮವು ಒಂದೇ. ವ್ಯತ್ಯಾಸವಿರುವುದು ತಿರುಳಿನಲ್ಲಿಯೂ ಹೊದಿಕೆಯಲ್ಲಿಯೂ. ಅಗ್ಗದ ಚೆಂಡಿನಲ್ಲಿ ಸಾಮಾನ್ಯವಾಗಿ ಎರಡೇ ಭಾಗಗಳು: ಒಳಗೆ ರಬ್ಬರಿನ ತಿರುಳು, ಹೊರಗೆ ಅಯೊನೊಮರ್ ಎಂಬ ಗಟ್ಟಿಮುಟ್ಟಾದ ಪ್ಲಾಸ್ಟಿಕಿನ ಹೊದಿಕೆ. ಬೆಲೆಯುಳ್ಳ ಚೆಂಡಿನಲ್ಲಿ ಇವೆರಡರ ನಡುವೆ ಮತ್ತೊಂದೋ ಎರಡೋ ಪದರಗಳಿದ್ದು, ಹೊರಗಡೆ ಯುರೆಥೇನ್ ಎಂಬ ಮೆತ್ತನೆಯ ಹೊದಿಕೆಯಿರುತ್ತದೆ. ಮೈಮೇಲಿನ ಸಣ್ಣ ಗುಳಿಗಳು ಎರಡರಲ್ಲಿಯೂ ಮುನ್ನೂರು ನಾನೂರರ ಸುಮಾರು, ಅವು ಅಲಂಕಾರಕ್ಕಲ್ಲ. ಚೆಂಡಿನ ಹಿಂದೆ ಗಾಳಿಯ ಸೆಳೆತವನ್ನು ಕುಗ್ಗಿಸುವುದು ಅವುಗಳ ಕೆಲಸ. ನುಣ್ಣನೆಯ ಚೆಂಡು ಇದರ ಅರ್ಧದಷ್ಟು ದೂರವನ್ನೇ ಹೋಗುವುದು.

ಈ ಗುಳಿಗಳ ಚರಿತ್ರೆಯು ನಮ್ಮಂತಹ ಮಿತವ್ಯಯಿಗಳಿಗೆ ಸಂತೋಷವನ್ನುಂಟುಮಾಡತಕ್ಕದ್ದು. ಹಿಂದೆ ಸ್ಕಾಟ್ಲೆಂಡಿನಲ್ಲಿ ಒದ್ದೆ ಚರ್ಮದ ಚೀಲದೊಳಗೆ ಒದ್ದೆ ಗರಿಗಳನ್ನು ತುರುಕಿ ಚೆಂಡನ್ನು ಮಾಡುತ್ತಿದ್ದರು. ಒಣಗಿದಾಗ ಗರಿ ಉಬ್ಬಿ ಚರ್ಮ ಕುಗ್ಗಿ ಚೆಂಡು ಕಲ್ಲಿನಂತಾಗುತ್ತಿದ್ದಿತು. ನುರಿತ ಕೆಲಸಗಾರನೂ ದಿನಕ್ಕೆ ಮೂರು ನಾಲ್ಕನ್ನು ಮಾತ್ರ ಮಾಡಬಲ್ಲವನಾದುದರಿಂದ ಅದರ ಬೆಲೆ ಬಹಳ. ೧೮೪೮ರ ಸುಮಾರಿಗೆ ಮಲಯ ಪ್ರದೇಶದ ಮರದ ಹಾಲಿನಿಂದಾದ ಗಟಾಪರ್ಚಾ ಎಂಬ ವಸ್ತುವಿನ ಚೆಂಡು ಬಂದಿತು. ಬಿಸಿನೀರಿನಲ್ಲಿ ಮೆದುಮಾಡಿ ಉಂಡೆ ಕಟ್ಟಿದರಾಯಿತು. ಸೇಂಟ್ ಆಂಡ್ರೂಸಿನಲ್ಲಿ ಗರಿಯ ಚೆಂಡುಗಳನ್ನು ಮಾಡುತ್ತಿದ್ದ ಅಲನ್ ರಾಬರ್ಟ್‌ಸನ್ನರು ಈ ಹೊಸ ಚೆಂಡನ್ನು ಕಂಡು ಕೆರಳಿದರು. ಅವರ ಸಹಾಯಕರಾಗಿದ್ದ ಟಾಮ್ ಮಾರಿಸ್ಸರು ಅದರಿಂದ ಆಡಿದರೆಂಬ ಕಾರಣಕ್ಕೆ ಇಬ್ಬರೂ ಬೇರೆಯಾದರು. ಆದರೂ ಅಗ್ಗದ ಚೆಂಡೇ ಗೆದ್ದಿತು. ಆಟವು ಸಾಮಾನ್ಯರ ಕೈಗೂ ಎಟುಕಿತು. ಏಟು ತಿಂದು ಗೀರುಬಿದ್ದ ಹಳೆಯ ಚೆಂಡು ನುಣ್ಣನೆಯ ಹೊಸದಕ್ಕಿಂತ ನೆಟ್ಟಗೆ ಹಾರುವುದೆಂದು ಆಟಗಾರರು ಕಂಡುಕೊಂಡರು. ಮುಂದೆ ೧೯೦೫ರಲ್ಲಿ ಇಂಗ್ಲೆಂಡಿನ ವಿಲಿಯಂ ಟೇಲರರು ಗುಳಿಗಳ ಚೆಂಡಿಗೆ ಪೇಟೆಂಟನ್ನು ಕೋರಿದರು.

ಈ ಜ್ಞಾನದೊಡನೆ ಹುಡುಗನನ್ನು ಕರೆದುಕೊಂಡು ಅಂಗಡಿಗೆ ಹೋದೆನು. ಅಂಗಡಿಯವರು ಮೂರು ಡಬ್ಬಿಗಳನ್ನು ಮುಂದಿಟ್ಟು, “ಮೇಷ್ಟ್ರೇ, ಇದು ದೂರ ಹೋಗುತ್ತೆ; ಇದು ಮೆತ್ತಗಿರುತ್ತೆ; ಎರಡೂ ಬೇಕು ಅಂದರೆ ಇದು” ಎಂದು ಕೊನೆಯದರ ಮೇಲೆ ಕೈಯಿಟ್ಟರು. ಕೊನೆಯದರ ಬೆಲೆಯು ಎರಡನೆಯದರ ಎರಡೂವರೆಯಷ್ಟಿದ್ದಿತು. ಮೂರರ ಮೇಲೂ ಬಹುದೂರವೆಂಬ ಮಾತು ಇದ್ದೇ ಇದ್ದಿತು. ಎರಡರ ಮೇಲೆ ಮೃದುವೆಂಬ ಮಾತೂ ಇದ್ದಿತು.

ಇಲ್ಲಿ ಶಬ್ದಾರ್ಥವನ್ನು ಸ್ವಲ್ಪ ವಿಚಾರಿಸಬೇಕು. ಮೃದು ಎಂಬ ಒಂದೇ ಶಬ್ದವು ಚೆಂಡಿನ ವ್ಯಾಪಾರದಲ್ಲಿ ಎರಡು ಅರ್ಥಗಳಲ್ಲಿ ಪ್ರಯೋಗವಾಗುತ್ತದೆ. ಎರಡನೆಯ ಡಬ್ಬಿಯ ಚೆಂಡು ತಿರುಳಿನಲ್ಲಿ ಮೃದು: ಹೊಡೆದಾಗ ಸುಲಭವಾಗಿ ಅದುಮುತ್ತದೆ, ಕೈಗೆ ಹಿತವಾಗಿರುತ್ತದೆ, ಸದ್ದೂ ಕಡಿಮೆ. ಈ ಅದುಮಿಕೆಯನ್ನು ಕಂಪ್ರೆಷನ್ ಎಂಬ ಅಂಕಿಯಿಂದ ಹೇಳುವರು. ಮೆತ್ತನೆಯದಕ್ಕೆ ಅದು ಐವತ್ತು ಅರವತ್ತರ ಸುಮಾರು, ಪ್ರವೀಣರ ಚೆಂಡಿಗೆ ತೊಂಬತ್ತರ ಸುಮಾರು. ಮೂರನೆಯ ಡಬ್ಬಿಯ ಚೆಂಡು ಮೃದುವಾಗಿರುವುದು ಹೊದಿಕೆಯಲ್ಲಿ, ತಿರುಳು ಬಿಗಿಯಾದುದೇ. ಆ ಹೊದಿಕೆಯು ವೆಡ್ಜ್ ಎಂಬ ಕೋಲಿನ ಗೀರುಗಳಿಗೆ ಕಚ್ಚಿಕೊಂಡು, ಚೆಂಡು ಹಿಮ್ಮುಖವಾಗಿ ತಿರುಗುತ್ತ ಹೋಗಿ, ಗ್ರೀನಿನ ಮೇಲೆ ಬಿದ್ದೊಡನೆ ನಿಲ್ಲುವಂತೆ ಮಾಡುತ್ತದೆ. ಒಂದು ಕೈಗೆ ಹಿತ, ಮತ್ತೊಂದು ನಿಲುಗಡೆಗೆ ಹಿತ. ಇವೆರಡನ್ನೂ ಒಂದೇ ಎಂದು ತಿಳಿದರೆ ಕೊಳ್ಳುವವನು ಮೋಸಹೋಗುವನು.

ಮೂರು ಬಗೆಯಿಂದಲೂ ಕೆಲವನ್ನು ತಂದು ಪರೀಕ್ಷಿಸಿದೆವು. ದೂರದ ಹೊಡೆತವನ್ನು ಕೊನೆಗಿಟ್ಟು ಗ್ರೀನಿನಿಂದಲೇ ಆರಂಭಿಸಿದೆವು. ಏಕೆಂದರೆ ಆಟದಲ್ಲಿ ಅತಿ ಹೆಚ್ಚು ಏಟುಗಳು ಬೀಳುವುದು ಅಲ್ಲಿ ಮತ್ತು ಅದರ ಸುತ್ತಮುತ್ತ. ಪ್ರತಿಯೊಂದರಿಂದಲೂ ಹತ್ತು ಹೊಡೆತ. ಹುಡುಗನು ಹೊಡೆದನು, ನಾನು ಹೆಜ್ಜೆಯಿಂದ ಅಳೆದು ಪುಸ್ತಕದಲ್ಲಿ ಬರೆದುಕೊಂಡೆನು. ಪಟರಿನಿಂದ ತಳ್ಳುವಾಗ ಗಟ್ಟಿ ಚೆಂಡು ಟಕ್ಕೆಂದು ಸಿಡಿದು ಗುಳಿಯನ್ನು ದಾಟಿ ಓಡುತ್ತಿದ್ದಿತು. ಉಳಿದೆರಡರಲ್ಲಿ ಅವನ ಕೈ ತಾನಾಗಿ ಶಾಂತವಾಯಿತು. ನಲವತ್ತು ಹೆಜ್ಜೆಯಿಂದ ಎತ್ತಿ ಹೊಡೆದಾಗ ಬೆಲೆಯ ಚೆಂಡು ಬಿದ್ದ ಮೇಲೆ ಐದಾರು ಹೆಜ್ಜೆ ಓಡಿತು, ಮೆತ್ತನೆಯ ತಿರುಳಿನದು ಹತ್ತು, ಗಟ್ಟಿಯದು ಹದಿನೈದು. ಕಡೆಗೆ ಡ್ರೈವರಿನ ಹೊಡೆತ. ಮೂರು ಚೆಂಡುಗಳ ನಡುವಣ ಅಂತರಕ್ಕಿಂತ ಹುಡುಗನ ಒಳ್ಳೆಯ ಏಟಿಗೂ ಕೆಟ್ಟ ಏಟಿಗೂ ನಡುವಣ ಅಂತರವೇ ಮೂರು ಪಟ್ಟು ಹೆಚ್ಚಾಗಿದ್ದಿತು! ಯಂತ್ರದಿಂದ ಬಲವಾಗಿ ಹೊಡೆದು ಅಳೆದವರು ಮೆತ್ತನೆಯ ತಿರುಳಿನ ಚೆಂಡು ವೇಗದಲ್ಲಿ ಹಿಂದೆಂದು ಹೇಳಿರುವುದು ನಿಜ. ಆದರೆ ತೋಳಿನ ವೇಗ ಕಡಿಮೆಯಾದಷ್ಟೂ ಆ ನಷ್ಟವೂ ಕಡಿಮೆ.

ನಮ್ಮ ಶಾಸ್ತ್ರಗ್ರಂಥಗಳ ಆರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಹೇಳುವ ಸಂಪ್ರದಾಯವುಂಟು. ಗ್ರಂಥವು ಯಾವುದನ್ನು ಕುರಿತದ್ದು, ಅದರಿಂದೇನು ಫಲ ಎಂಬುದಲ್ಲದೆ, ಅದನ್ನು ಓದತಕ್ಕವನು ಯಾರು ಎಂಬುದನ್ನೂ ಮೊದಲೇ ತಿಳಿಸಿಬಿಡುವರು. ಚೆಂಡಿನ ಡಬ್ಬಿಯ ಮೇಲೆ ವಿಷಯವಿದೆ, ಪ್ರಯೋಜನವು ದಪ್ಪಕ್ಷರದಲ್ಲಿದೆ; ಅಧಿಕಾರಿಯ ಹೆಸರೇ ಇಲ್ಲ. ಅದನ್ನು ಕೊಳ್ಳುವವನೇ ತುಂಬಿಕೊಳ್ಳಬೇಕು. ನಮ್ಮ ಅಧಿಕಾರಿಯು ಹದಿನೈದು ವರ್ಷದ ಬಾಲಕ. ತೋಳು ಇನ್ನೂ ಬಲಿತಿಲ್ಲ. ತಿಂಗಳಿಗೆ ನಾಲ್ಕು ಚೆಂಡುಗಳನ್ನು ಕಳೆಯುವವನು. ಅಜ್ಜನ ಪಿಂಚಣಿಯಿಂದ ಆಡುವವನು. ಇವನಿಗೆ ಯೋಗ್ಯವಾದುದು ಎರಡನೆಯ ಡಬ್ಬಿ. ಗ್ರೀನಿನ ಮೇಲೆ ಅದು ಬೇಗ ನಿಲ್ಲದೆಂಬುದು ದೋಷವೇ. ಆದರೆ ನಾಲ್ಕು ಹೆಜ್ಜೆ ಹಿಂದೆ ಬೀಳಿಸಿ ಓಡಬಿಡುವುದನ್ನು ಅಭ್ಯಾಸದಿಂದ ಕಲಿಯಬಹುದು. ಕಳೆದೀತೆಂಬ ಭಯಕ್ಕೆ ಅಂತಹ ಅಭ್ಯಾಸವಿಲ್ಲ. ಕಳೆದರೆ ಎದೆ ಒಡೆಯುವ ವಸ್ತುವನ್ನು ಆಟಕ್ಕೆ ತರಬಾರದು. ಹಾಗೆಯೇ ದಿನಕ್ಕೊಂದು ಬಗೆಯ ಚೆಂಡಿನಿಂದ ಆಡಿದರೆ ಕೈಗೆ ಒಂದು ಅಳತೆಯೂ ಕೂಡಿಬರದು; ಡಜನ್ನುಗಟ್ಟಲೆ ಒಂದೇ ಬಗೆಯನ್ನು ಕೊಳ್ಳುವ ಶಕ್ತಿ ನಮಗಿರಬೇಕು. ಅಧಿಕಾರವು ಕಾಲಕ್ರಮದಲ್ಲಿ ಬದಲಾಗುತ್ತದೆ. ತೋಳು ಬಲಿತು ಕಳೆಯುವುದು ನಿಂತಾಗ ಮೂರನೆಯ ಡಬ್ಬಿಯ ವಿಚಾರವನ್ನು ಮತ್ತೆ ಮಾಡಬಹುದು.

ದೂರವೊಂದೇ ಆಟವಲ್ಲವೆಂಬುದಕ್ಕೆ ನಮ್ಮ ನಾಡಿನ ಹೆಣ್ಣುಮಗಳೇ ಸಾಕ್ಷಿ. ಬೆಂಗಳೂರಿನ ಅದಿತಿ ಅಶೋಕ್ ೨೦೨೧ರಲ್ಲಿ ಟೋಕಿಯೋದಲ್ಲಿ ನಡೆದ ಒಲಿಂಪಿಕ್ಸಿನಲ್ಲಿ ಹೊಡೆತದ ದೂರದಲ್ಲಿ ಹಿಂದಿನ ಸಾಲಿನಲ್ಲಿದ್ದರೂ ಗ್ರೀನಿನ ಮೇಲಿನ ನಯದಿಂದಲೇ ನಾಲ್ಕನೆಯ ಸ್ಥಾನಕ್ಕೇರಿದರು. ಪದಕವು ತಪ್ಪಿದ್ದು ಒಂದೇ ಏಟಿನಿಂದ. ಇದನ್ನು ಹೇಳಿದಾಗ ಹುಡುಗನು ಬಹಳ ಹೊತ್ತು ಸುಮ್ಮನಿದ್ದನು. ಅನಂತರ ಚಿಕ್ಕಪ್ಪ ಕೊಟ್ಟ ಚೆಂಡುಗಳಲ್ಲಿ ಉಳಿದೆರಡನ್ನು ಒರೆಸಿ ತಂದೆಯ ಭಾವಚಿತ್ರದ ಮುಂದೆ ಇಟ್ಟನು.

ಎರಡನೆಯ ಬಗೆಯ ಒಂದು ಡಜನ್ನನ್ನು ಕೊಂಡೆವು. ಮೊದಲನೆಯ ವಾರವೇ ಎರಡು ಹೊಂಡದ ಪಾಲಾದುವು. ಅದನ್ನು ಅವನು ಊಟದ ಹೊತ್ತಿನಲ್ಲಿ ನಗುತ್ತ ಹೇಳಿದನು. ಮೂರನೆಯದು ನೀರನ್ನು ದಾಟಿತೆಂಬುದನ್ನು ಮಾತ್ರ ಎರಡು ಸಲ ಹೇಳಿದನು. ನನ್ನ ಮಗಳು ಅವನ ಎಲೆಗೆ ಇನ್ನೊಂದಿಷ್ಟು ತುಪ್ಪವನ್ನು ಬಡಿಸಿದಳು.