ನಮ್ಮ 'ನಂಜುಂಡಿ ಕಲ್ಯಾಣ'ಕ್ಕೆ ಸೆನ್ಸಾರ್ ಸರ್ಟಿಫಿಕೇಟ್!

ಸಿನಿಮಾದಲ್ಲಿ ತಾಳಿ ಕಟ್ಟಿದ ಕೂಡಲೇ ಪರದೆ ಮೇಲೆ 'ಶುಭಂ' ಬೀಳುತ್ತೆ. ಜನ ಚಪ್ಪಲಿ ಹುಡುಕಿಕೊಂಡು ಎದ್ದೇ ಬಿಡ್ತಾರೆ. ಆದರೆ ಹೀರೋಯಿನ್ ಬೇರೆ ದೇಶದವಳಾದರೆ ಕಥೆ ಶುರುವಾಗೋದೇ 'ಶುಭಂ' ಆದ ಮೇಲೆ ಕಣ್ರೀ!

ಹಾಲಿವುಡ್‌ನವರು ಇದನ್ನೇ ಇಟ್ಟುಕೊಂಡು 1990ರಲ್ಲಿ 'ಗ್ರೀನ್ ಕಾರ್ಡ್' ಅಂತ ಒಂದು ಚಿತ್ರ ತೆಗೆದರು. ನಿರ್ದೇಶಕ ಪೀಟರ್ ವಿಯರ್. ಅಮೆರಿಕದಲ್ಲಿ ಉಳಿಯಲು ಹೀರೋಗೆ ಕಾಗದ ಬೇಕು, ಗಿಡ ಬೆಳೆಸುವ ಗಾಜಿನ ಮನೆ ಇರುವ ಫ್ಲಾಟು ಹೀರೋಯಿನ್‌ಗೆ ಬೇಕು. ಆ ಫ್ಲಾಟನ್ನು ಮದುವೆಯಾದವರಿಗೇ ಕೊಡೋದು. ಸರಿ, ಇಬ್ಬರೂ ಸುಳ್ಳು ಮದುವೆಯಾಗ್ತಾರೆ. ಆಮೇಲೆ ಅಧಿಕಾರಿಗಳು ಬರ್ತಾರೆ, ಪ್ರಶ್ನೆ ಕೇಳ್ತಾರೆ. ಗಂಡ ಹೆಂಡತಿ ಪಾಠ ಉರು ಹೊಡೆದ ಹಾಗೆ ಒಬ್ಬರ ಅಭ್ಯಾಸ ಇನ್ನೊಬ್ಬರು ಬಾಯಿಪಾಠ ಮಾಡ್ತಾರೆ. ಕೊನೆಗೆ ಅವಳು ಮುಖಕ್ಕೆ ಹಚ್ಚುವ ಕ್ರೀಮಿನ ಹೆಸರಿಗೆ ಬಂದಾಗ ಪಾಪ ಗೆರಾರ್ ದಿಪಾರ್ದ್ಯು ತಡವರಿಸ್ತಾನೆ! ತಮಾಷೆಗೆ ತೆಗೆದದ್ದೇನೂ ಅಲ್ಲ. ಅಮೆರಿಕದವರು 1986ರಲ್ಲೇ ಕಾನೂನು ಬಿಗಿ ಮಾಡಿದ್ದರು. ಮದುವೆಯಾಗಿ ಎರಡು ವರ್ಷ ತುಂಬದ ಜೋಡಿಗೆ ಮೊದಲು ಎರಡೇ ವರ್ಷದ ಕಾರ್ಡು. ಆಮೇಲೆ ಮತ್ತೆ ಅರ್ಜಿ ಹಾಕಿ, ಸಂಸಾರ ನಿಜವಾದದ್ದು ಅಂತ ತೋರಿಸಬೇಕು.

ಆ ಚಿತ್ರವನ್ನು ನಾನು ಎರಡು ಸಲ ನೋಡಿದ್ದೆ. ಮೂರನೇ ಸಲ ನೋಡೋಕೆ ಧೈರ್ಯ ಬರಲಿಲ್ಲ. ಯಾಕೆ ಅಂದ್ರೆ ಅಷ್ಟು ಹೊತ್ತಿಗೆ ಅದೇ ಕುರ್ಚಿಯಲ್ಲಿ ಕೂರುವ ಸರದಿ ನಂಜನಗೂಡಿನ ಈ ಬಡಪಾಯಿಗೇ ಬಂದಿತ್ತು.

ನಮ್ಮಾಕೆ ಇಟಲಿಯವಳು. ಸೋಫಿಯಾ ಲಾರೆನ್ ದೇಶ ಅಂತ ಕಣ್ಣರಳಿಸಬೇಡಿ, ಇವಳದು ಭತ್ತದ ಸೀಮೆ. ವೆರ್ಚೆಲ್ಲಿ ಅಂತ ಊರು. ಇಟಲಿಯಲ್ಲಿ ಭತ್ತವೇ ಅಂತ ನಮ್ಮವ್ವ ಬಾಯಿ ಮೇಲೆ ಬೆರಳಿಟ್ಟಳು. ಇದೆ ಸ್ವಾಮಿ! 1949ರ 'ರೀಸೊ ಅಮಾರೊ', ಅಂದರೆ 'ಕಹಿ ಅಕ್ಕಿ', ಅಲ್ಲಿಯ ಗದ್ದೆಗಳಲ್ಲೇ ತೆಗೆದ ಚಿತ್ರ. ಸಿಲ್ವಾನಾ ಮಂಗಾನೊ ಮೊಣಕಾಲುದ್ದ ನೀರಿನಲ್ಲಿ ನಿಂತ ಆ ಪೋಸ್ಟರ್ ಲೋಕಪ್ರಸಿದ್ಧ. ಹೊಟ್ಟೆಪಾಡಿಗೆ ಊರೂರಿಂದ ರೈಲಿನಲ್ಲಿ ಬಂದು ಕಳೆ ಕೀಳುತ್ತಿದ್ದ ಹೆಣ್ಣಾಳುಗಳ ಕಥೆ. ನಮ್ಮಾಕೆಯ ಅಜ್ಜಿ ಹಾಗೆ ಗದ್ದೆಗಿಳಿದವರಲ್ಲಿ ಒಬ್ಬಳು. ಮೊದಲ ಸಲ ಟಿ. ನರಸೀಪುರದ ಕಡೆ ನಾಟಿ ಹಾಕೋದನ್ನ ಬಸ್ಸಿನ ಕಿಟಕಿಯಿಂದ ನೋಡಿದಾಗ ಇವಳು ಎದ್ದು ನಿಂತುಬಿಟ್ಟಳು. ಕಂಡಕ್ಟರ್ ಗಾಬರಿಯಾಗಿ ವಿಸಿಲ್ ಊದಿದ!

ಇವಳು 2014ರಲ್ಲಿ ಬಂದದ್ದು ಯೋಗ ಕಲಿಯಲು. ಮೈಸೂರಿನ ಗೋಕುಲಂ ಗೊತ್ತಲ್ಲ? ಪಟ್ಟಾಭಿ ಜೋಯಿಸರು ತಮ್ಮ ಯೋಗಶಾಲೆಯನ್ನು ಲಕ್ಷ್ಮೀಪುರಂನಿಂದ 2002ರಲ್ಲಿ ಅಲ್ಲಿಗೆ ತಂದ ಮೇಲೆ ಆ ಬಡಾವಣೆಯ ಬೀದಿ ತುಂಬ ಬಿಳಿ ಮುಖಗಳೇ. ಜೋಯಿಸರು 2009ರಲ್ಲಿ ತೀರಿಕೊಂಡರೂ ಬರುವವರು ನಿಲ್ಲಲಿಲ್ಲ. ನಮ್ಮ ಪರಿಚಯ ಹೇಗಾಯಿತು ಅನ್ನೋದು ಇನ್ನೊಂದು ಸಂಚಿಕೆಗೆ ಆಗುವಷ್ಟಿದೆ, ಬಿಡಿ. ಮದುವೆಯಾದದ್ದು 2017ರಲ್ಲಿ.

ಶ್ರೀಕಂಠೇಶ್ವರನ ಮುಂದೆ ಹಾರ ಹಾಕಿದರೆ ದೇವರು ಒಪ್ಪುತ್ತಾನೆ. ಸರ್ಕಾರ ಒಪ್ಪಬೇಕಾದರೆ 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು, ನೋಟೀಸ್ ಕೊಡಬೇಕು, ಅದನ್ನು ಕಚೇರಿ ಗೋಡೆಗೆ ಅಂಟಿಸ್ತಾರೆ. ಆಮೇಲೆ ಮತ್ತೆ 30 ದಿನ ಕಾಯಬೇಕು, ಯಾರಾದರೂ ತಕರಾರು ತೆಗೆದಾರು ಅಂತ. ಅವಳ ದೇಶದವರು ಬೇರೆ ಒಂದು ಕಾಗದ ಕೊಡಬೇಕು. ಅದರ ಹೆಸರು 'ನುಲ್ಲಾ ಓಸ್ತಾ'. ಏನೂ ಅಡ್ಡಿಯಿಲ್ಲ ಅಂತ ಅರ್ಥವಂತೆ. ಅಡ್ಡಿ ಇದ್ದದ್ದು ಇಟಲಿಯಲ್ಲಲ್ಲ, ಟಿ. ನರಸೀಪುರದಲ್ಲಿ!

ನಮ್ಮ ಸೋದರಮಾವನ ಊರು ಅದು. ಮಾವನಿಗೆ ಒಬ್ಬಳು ಮಗಳು. ನಮ್ಮ ಕಡೆ ಪದ್ಧತಿ ನಿಮಗೆ ಹೇಳಬೇಕಿಲ್ಲ. ಗೋಡೆ ಮೇಲಿನ ನೋಟೀಸನ್ನು ಹೊಸ ಪಿಕ್ಚರಿನ ಪೋಸ್ಟರ್ ನೋಡುವ ಹಾಗೆ ಜನ ನಿಂತು ಓದಿದರು. ಯಾರೋ ಪುಣ್ಯಾತ್ಮ ಮಾವನ ಕಿವಿಗೂ ಹಾಕಿದ. ಮಾವ ತಕರಾರು ಕೊಡಲು ಬಂದೇ ಬಂದ. ವಯಸ್ಸು ಸಾಲದು, ಮೊದಲ ಮದುವೆ ಜೀವಂತ ಇದೆ, ನಿಷೇಧಿತ ಸಂಬಂಧ, ಬುದ್ಧಿ ಸ್ವಾಧೀನದಲ್ಲಿಲ್ಲ... ಇಂಥ ಕಾರಣವಿದ್ದರೆ ಮಾತ್ರ ಕಾಯ್ದೆ ಕೇಳುತ್ತೆ. 'ನಮ್ ಮಗಳನ್ನ ಬಿಟ್ಟ' ಅನ್ನೋದು ಆ ಪಟ್ಟಿಯಲ್ಲಿಲ್ಲ. ಮೂರು ಜನ ಸಾಕ್ಷಿ ಹಾಕಿದರು, ಮದುವೆ ಆಯಿತು. ಮಾವ ನಮ್ಮ ಮನೆ ಹೊಸ್ತಿಲು ತುಳಿಯೋದು ಬಿಟ್ಟ. ಅವ್ವ ತವರಿನ ಹೆಸರು ಎತ್ತೋದು ಬಿಟ್ಟಳು.

ಇನ್ನು ಓ.ಸಿ.ಐ. ವಿಚಾರ. ಓ.ಸಿ. ಅಂದ ಕೂಡಲೇ ಮಟ್ಕಾ ಚೀಟಿ ಅಂತ ತಿಳೀಬೇಡಿ! ಸಾಗರದಾಚೆಯ ಭಾರತೀಯ ಪೌರ ಅಂತ ಅದರ ಅರ್ಥ. ಪುಕ್ಕಟೆ 'ಓಸಿ'ಯೂ ಅಲ್ಲ, ನಾವು ಅರ್ಜಿ ಹಾಕಿದಾಗ ಇಲ್ಲಿ 15,000 ರೂಪಾಯಿ ಕಟ್ಟಿದ್ದೇವೆ. ಆ ಕಾರ್ಡಿದ್ದರೆ ಜೀವನಪೂರ್ತಿ ವೀಸಾ ಬೇಡ. ಪೌರ ಅಂತ ಹೆಸರಿದೆ ಅಷ್ಟೇ, ಪೌರತ್ವ ಅಲ್ಲ. ಓಟಿಲ್ಲ, ಸರ್ಕಾರಿ ನೌಕರಿ ಇಲ್ಲ, ಕೃಷಿ ಜಮೀನು ಕೊಳ್ಳುವ ಹಾಗಿಲ್ಲ. ಭತ್ತದ ನಾಡಿನ ಹುಡುಗಿ ನಮ್ಮ ಗದ್ದೆಯಲ್ಲಿ ಬೆನ್ನು ಬಗ್ಗಿಸಿ ನಾಟಿ ಹಾಕಬಹುದು, ಒಂದು ಗುಂಟೆ ಕೊಳ್ಳಲಾರಳು! 2015ರ ತಿದ್ದುಪಡಿಯ ಪ್ರಕಾರ, ಭಾರತೀಯನನ್ನು ಮದುವೆಯಾದ ವಿದೇಶಿಯರಿಗೆ ಇದು ಸಿಗಬೇಕಾದರೆ ಮದುವೆ ನೋಂದಣಿಯಾಗಿರಬೇಕು, ಎರಡು ವರ್ಷ ಸತತವಾಗಿ ನಡೆದಿರಬೇಕು, ಮೇಲೆ ಭದ್ರತಾ ವಿಭಾಗದ ಒಪ್ಪಿಗೆ ಬೇಕು. ಎರಡು ವರ್ಷ ಸಂಸಾರ ನಡೆಸಿ ತೋರಿಸು, ಆಮೇಲೆ ಮಾತಾಡು ಅಂತ. ನೂರು ದಿನ ಓಡಿದ ಮೇಲೇ ಶೀಲ್ಡ್ ಕೊಟ್ಟ ಹಾಗೆ.

ಎರಡು ವರ್ಷ ತುಂಬಿದ್ದು 2019ರ ಬೇಸಿಗೆಗೆ. ಅರ್ಜಿ ಹೋಯಿತು. ಪೊಲೀಸಿನವರು ಮನೆಗೆ ಬಂದು ಅಕ್ಕಪಕ್ಕ ವಿಚಾರಿಸಿದರು. ಅವ್ವ ಬಾಗಿಲಲ್ಲೇ ನಿಂತು, 'ನಮ್ಮನೆ ಸೊಸೆ ಕಣಪ್ಪ ಇವ್ಳು, ನಾಟಕದೋಳಲ್ಲ. ಬೇಕಾದ್ರೆ ಒಲೆ ಮುಂದೆ ಬಂದು ನೋಡು' ಅಂದಳು. ಮದುವೆಗೆ ಮುಂಚೆ ಮೂರು ದಿನ ಉಪವಾಸ ಬಿದ್ದಿದ್ದ ಅವ್ವ ಇವಳೇ! ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ಬಂದಳು. ಮೈಸೂರು ರಸ್ತೆಯ ಮೇಲೆಲ್ಲ ನೀರು. ನಮ್ಮ ಬೀದಿಗೂ ಬರುತ್ತೆ ಅನ್ನೋ ಸುದ್ದಿ ಹಬ್ಬಿದ ರಾತ್ರಿ ಅವ್ವ ಅಕ್ಕಿ ಮೂಟೆಗಿಂತ ಮೊದಲು ಅಟ್ಟಕ್ಕೆ ಸಾಗಿಸಿದ್ದು ನಮ್ಮ ಮದುವೆ ಸರ್ಟಿಫಿಕೇಟಿನ ಫೈಲನ್ನು.

ನೀರಿಳಿದ ಮೇಲೆ ನಮ್ಮ ದಿನ ಬಂತು. ಬೆಂಗಳೂರಿನ ವಿದೇಶಿಯರ ನೋಂದಣಿ ಕಚೇರಿ ಎಲ್ಲಿದೆ ಗೊತ್ತೆ? ಶಾಂತಿನಗರದ ಬಿ.ಎಂ.ಟಿ.ಸಿ. ಬಸ್ ನಿಲ್ದಾಣದ ಕಟ್ಟಡದಲ್ಲಿ, ಐದನೇ ಮಹಡಿ! ಕೆಳಗೆ ಬಸ್ಸಿನ ಹಾರನ್ನು, ಮೇಲೆ ದೇಶದೇಶದ ಪಾಸ್‌ಪೋರ್ಟು. ಲಿಫ್ಟಿನಲ್ಲಿ ಒಬ್ಬ ಆಫ್ರಿಕಾದ ಹುಡುಗ, ಒಬ್ಬಳು ಇರಾನಿನ ವಿದ್ಯಾರ್ಥಿನಿ, ನಡುವೆ ಪಂಚೆಯುಟ್ಟ ನಾನು. ಪ್ಯಾಂಟು ಬೇಡ, ಮನೆಯಲ್ಲಿರೋ ಹಾಗೇ ಬಾ ಅಂತ ಇವಳದೇ ಆಜ್ಞೆ.

ಅಧಿಕಾರಿ ಕನ್ನಡದವರೇ. ಮಾತಿನ ಧಾಟಿಯಲ್ಲಿ ಮೈಸೂರು ಕಡೆಯವರು ಅಂತ ಗೊತ್ತಾಗಿ ನನಗೆ ಅರ್ಧ ಜೀವ ಬಂತು. ಆಮೇಲೆ ಅದೇ ಕಾರಣಕ್ಕೆ ಅರ್ಧ ಜೀವ ಹೋಯಿತು! ಆಲ್ಬಂ ತಿರುವುತ್ತಾ ತಿರುವುತ್ತಾ ಕೇಳಿದರು: 'ತಾಯಿ ಕಡೆಯೋರು ಯಾರೂ ಕಾಣ್ತಿಲ್ವಲ್ಲ? ನಮ್ಮ ಕಡೆ ಸೋದರಮಾವ ಇಲ್ದೆ ಮದ್ವೆ ಆಯ್ತದೇನ್ರೀ?'

ದೆಹಲಿಯವರೋ ಲಕ್ನೋದವರೋ ಆಗಿದ್ದರೆ ಈ ಪ್ರಶ್ನೆ ಬರುತ್ತಲೇ ಇರಲಿಲ್ಲ. ಸುಳ್ಳು ಮದುವೆ ಹಿಡಿಯೋಕೆ ಇದಕ್ಕಿಂತ ಒಳ್ಳೆ ಬಲೆ ಇಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ. ಮಾವನ ಮಗಳು, ತಕರಾರು, ಎರಡು ವರ್ಷದ ಮೌನ. ಅವರು ತಲೆಯಾಡಿಸಿದರು, ಬರೆದುಕೊಳ್ಳಲಿಲ್ಲ. ನನ್ನನ್ನು ಹೊರಗೆ ಕೂರಿಸಿ ಇವಳನ್ನು ಒಬ್ಬಳನ್ನೇ ಕರೆದರು.

ಆ ಇಪ್ಪತ್ತು ನಿಮಿಷ... ಪರೀಕ್ಷೆ ಫಲಿತಾಂಶಕ್ಕೂ ನಾನು ಹಾಗೆ ಕಾದವನಲ್ಲ. ಇವಳನ್ನು ವಾಪಸ್ ಕಳಿಸಿದರೆ? ಅವ್ವನ ಮೊಣಕಾಲಿಗೆ ದಿನಾ ಎಣ್ಣೆ ತಿಕ್ಕುವವರು ಯಾರು? ಹೋಗಲಿ ಅದು. ನಾನು?

ಮತ್ತೆ ಇಬ್ಬರನ್ನೂ ಒಟ್ಟಿಗೆ ಕೂರಿಸಿದಾಗ ಅಧಿಕಾರಿಗಳ ಮುಖದಲ್ಲಿ ನಗು. 'ಅಡುಗೆ ಯಾರು ಮಾಡೋದು ಅಂದ್ರೆ ಇಬ್ರೂ ಅಂತೀರಿ ನೀವು. ಇವ್ರು ಅತ್ತೆ ಅಂತಾರೆ. ಇಬ್ರೂ ನೋಡಿದ ಮೊದಲನೇ ಪಿಕ್ಚರ್ ಮಾತ್ರ ಇಬ್ರದೂ ಒಂದೇ.'

ಅದು 'ಕಸ್ತೂರಿ ನಿವಾಸ'! ದೊರೆ-ಭಗವಾನ್ ಅವರ 1971ರ ಚಿತ್ರ 2014ರ ನವೆಂಬರ್‌ನಲ್ಲಿ ಬಣ್ಣದಲ್ಲಿ ಮತ್ತೆ ತೆರೆಗೆ ಬಂದಿತ್ತಲ್ಲ, ಆಗ ಮೈಸೂರಿನಲ್ಲಿ ಕರೆದುಕೊಂಡು ಹೋಗಿದ್ದೆ. ಭಾಷೆ ಬಾರದವಳು ಅಣ್ಣಾವ್ರ ಮುಖ ನೋಡಿಯೇ ಅತ್ತಳು. ಮನೆಗೆ ಬಂದವಳಿಗೆ ಊಟ ಹಾಕಲು ಆ ದಾನಿ ತನ್ನ ಪಾರಿವಾಳವನ್ನೇ ಕಳೆದುಕೊಂಡಿರ್ತಾನೆ, ಅವಳು ಕೇಳಲು ಬಂದದ್ದೂ ಅದನ್ನೇ. ಆ ಸೀನಿನಲ್ಲಿ ಇವಳು ನನ್ನ ಕೈ ಹಿಡಿದು, 'ಇದು ನಮ್ಮ ಬೊಕಾಚಿಯೊ ಕಥೆ!' ಅಂದಳು. ಅವರ 'ಡೆಕಾಮೆರಾನ್' ಅನ್ನೋ ಹಳೇ ಪುಸ್ತಕದಲ್ಲಿ, ಸುಮಾರು 650 ವರ್ಷದ ಹಿಂದಿನದು, ಒಬ್ಬ ಬಡವಾದ ಸಾಹುಕಾರ ತಾನು ಮೆಚ್ಚಿದವಳಿಗೆ ಊಟಕ್ಕೆ ತನ್ನ ಮುದ್ದಿನ ಡೇಗೆಯನ್ನೇ ಕೊಯ್ದು ಬಡಿಸ್ತಾನೆ. ಅವಳು ಬಂದದ್ದು ಕಾಯಿಲೆ ಮಗನಿಗೋಸ್ಕರ ಆ ಹಕ್ಕಿಯನ್ನೇ ಕೇಳಲು. ಶಿವಾಜಿ ಗಣೇಶನ್ ತಮಿಳಿನಲ್ಲಿ ಮಾಡಿದರು ಅನ್ನೋದು ನಮಗೆಲ್ಲ ಗೊತ್ತು. ಇಟಲಿಯ ನಂಟು ನನಗೆ ಗೊತ್ತಾದದ್ದು ಅವತ್ತೇ. ಇದನ್ನೆಲ್ಲ ಇವಳು ಅಧಿಕಾರಿಗೆ ನಂಜನಗೂಡು ಕನ್ನಡದಲ್ಲಿ ಬಿಡಿಸಿ ಬಿಡಿಸಿ ಹೇಳಿದ್ದಾಳೆ!

ಭಾಷೆ ವಿಚಾರ ಬಂತು ಅಂತ ಹೇಳ್ತೀನಿ. 2018ರ ಡಿಸೆಂಬರ್‌ನಿಂದ ಇಟಲಿಯವರು, ಮದುವೆ ಮೂಲಕ ಪೌರತ್ವ ಕೇಳುವವರಿಗೆ ಇಟಾಲಿಯನ್ ಪರೀಕ್ಷೆ ಕಡ್ಡಾಯ ಮಾಡಿದ್ದಾರೆ. ನಮ್ಮಲ್ಲಿ ಹಾಗೆ ಕನ್ನಡ ಪರೀಕ್ಷೆ ಇಟ್ಟಿದ್ದರೆ ಬೆಂಗಳೂರಿನಲ್ಲೇ ಹುಟ್ಟಿದ ಎಷ್ಟೋ ಜನರಿಗಿಂತ ಇವಳು ಮುಂದೆ.

ಸೋದರಮಾವನ ಪ್ರಶ್ನೆಯನ್ನು ಇವಳಿಗೂ ಕೇಳಿದ್ದರಂತೆ. ಉತ್ತರ ನನಗೆ ಗೊತ್ತಾದದ್ದು ವಾಪಸ್ ಬರುವಾಗ, ಸ್ಯಾಟಲೈಟ್ ಬಸ್ ಸ್ಟ್ಯಾಂಡಿನಲ್ಲಿ. 'ಮಾವಂಗೆ ಕೋಪ. ಆದ್ರೆ ಸಂಕ್ರಾಂತಿಗೆ ಎಳ್ಳು-ಬೆಲ್ಲ ನಾನೇ ಕೊಟ್ ಬತ್ತೀನಿ ಅಂದೆ' ಅಂದಳು. ನಾನು ದಂಗು! ಎರಡು ವರ್ಷವೂ ನಮಗೆ ಯಾರಿಗೂ ಹೇಳದೆ ಒಬ್ಬಳೇ ಬಸ್ಸು ಹತ್ತಿ ಟಿ. ನರಸೀಪುರಕ್ಕೆ ಹೋಗಿ ಬಂದಿದ್ದಾಳೆ. ಮಾವ ನಡುಮನೆಯಿಂದ ಈಚೆ ಬರಲಿಲ್ಲವಂತೆ. ಅತ್ತೆ ಸೆರಗೊಡ್ಡಿ ಇಸಕೊಂಡಳಂತೆ.

ಕಾರ್ಡು ಕೈಗೆ ಬಂದದ್ದು 2020ರ ಫೆಬ್ರವರಿಯಲ್ಲಿ. ಅವ್ವ ರಸಬಾಳೆ ಹಂಚಿದಳು. ತಿಂಗಳು ಕಳೆಯೋದರೊಳಗೆ ಕೊರೊನಾ. ಟಿ.ವಿ.ಯಲ್ಲಿ ಇಟಲಿಯೇ ಇಟಲಿ. ಮಾರ್ಚ್ 13ರಿಂದ ನಮ್ಮ ಸರ್ಕಾರ ವೀಸಾಗಳನ್ನೂ ಓ.ಸಿ.ಐ. ಕಾರ್ಡಿನ ಪ್ರವೇಶವನ್ನೂ ತಡೆಹಿಡಿಯಿತು. ಜೀವನಪೂರ್ತಿ ಅಂತ ಕೊಟ್ಟ ಕಾರ್ಡು ಒಂದು ತಿಂಗಳಲ್ಲೇ ಬೀರು ಸೇರಿತು. ಹೋದರೆ ಬರೋಕಾಗಲ್ಲ, ಆಮೇಲೆ ಹೋಗೋಕೂ ಆಗಲ್ಲ. ಏಪ್ರಿಲ್‌ನಲ್ಲಿ ಭತ್ತದ ಗದ್ದೆಯ ಆ ಅಜ್ಜಿ ತೀರಿಕೊಂಡಳು. ಇವಳು ಫೋನಿನ ಪರದೆಯಲ್ಲಿ ಮುಚ್ಚಿದ ಪೆಟ್ಟಿಗೆ ನೋಡಿದಳು. ಅಷ್ಟೇ.

ಬಸ್ಸು ಓಡಾಟ ಶುರುವಾದ ಮೇಲೆ ಒಂದು ಬೆಳಿಗ್ಗೆ ಅವ್ವನ ಫೋನಿಗೆ ಮಾವನ ಕರೆ! ಮೂರು ವರ್ಷದ ಮೇಲೆ. 'ಆ ಹುಡುಗೀನ ಕರ್ಕೊಂಡ್ ಬಾ' ಅಂತ ಅಷ್ಟೇ ಅಂದದ್ದು. ಸಂಗಮದ ಹತ್ತಿರ ಗುಂಜಾ ನರಸಿಂಹಸ್ವಾಮಿ ದೇವಸ್ಥಾನದ ಮುಂದೆ ಕಾದಿದ್ದ. ಆ ದೇವರ ಕೈಯಲ್ಲಿ ಗುಲಗಂಜಿ ಇದೆ, ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಅಂತ ಇವಳಿಗೆ ವಿವರಿಸಿದ. ಆಮೇಲೆ ಕಾವೇರಿ ಕಪಿಲೆ ಕೂಡುವ ಕಡೆ ನೀರಿಗಿಳಿಸಿ, ಅಜ್ಜಿ ಹೆಸರಲ್ಲಿ ತಾನೇ ನಿಂತು ಹಾಲು-ತುಪ್ಪ ಬಿಡಿಸಿದ. ಅಜ್ಜಿಯ ಹೆಸರು ಅವನ ನಾಲಿಗೆಗೆ ಹೊರಳಲಿಲ್ಲ. ಮೂರು ಸಲ ಕೇಳಿ ಕೇಳಿ ಹೇಳಿದ.

ಕಾಯ್ದೆಯ ಒಂದು ವಿಷಯ ಮಾತ್ರ ನನಗೆ ಒಪ್ಪಿಗೆಯಿಲ್ಲ. ಮದುವೆ ಮುರಿದರೆ ಆ ಕಾರ್ಡನ್ನು ರದ್ದು ಮಾಡಬಹುದು. ಹೆಂಗಸು ಇಲ್ಲಿ ಎಷ್ಟು ವರ್ಷ ಬಾಳಿದಳು, ಯಾರಿಗೆ ಎಣ್ಣೆ ತಿಕ್ಕಿದಳು ಅನ್ನೋದಕ್ಕೆ ಅಲ್ಲಿ ಕಾಲಂ ಇಲ್ಲ. ಬೀಗದ ಕೈ ಗಂಡನ ಸೊಂಟದಲ್ಲಿ! ಇದು ಸರಿಯಲ್ಲ ಅಂತ ಗಂಡನಾಗಿಯೇ ಹೇಳ್ತಿದ್ದೀನಿ.

2021ರ ಏಪ್ರಿಲ್‌ನಲ್ಲಿ ಒಂದು ಹೊಸ ನಿಯಮ ಬಂತು. ಇಂಥ ಕಾರ್ಡುದಾರರು ಹೊಸ ಪಾಸ್‌ಪೋರ್ಟ್ ಮಾಡಿಸಿದಾಗಲೆಲ್ಲ ಅದರ ಪ್ರತಿ, ಫೋಟೋ, ಜೊತೆಗೆ ಮದುವೆ ಇನ್ನೂ ಊರ್ಜಿತದಲ್ಲಿದೆ ಅಂತ ಒಂದು ಘೋಷಣೆ ಕೊಡಬೇಕು. ಇಟಲಿಯ ಪಾಸ್‌ಪೋರ್ಟಿಗೆ 10 ವರ್ಷ ಆಯುಷ್ಯ. ಅಲ್ಲಿಗೆ ಹತ್ತು ವರ್ಷಕ್ಕೊಂದು ಸಲ ನಮ್ಮ ಪಿಕ್ಚರು ಇನ್ನೂ ಓಡ್ತಾ ಇದೆ ಅಂತ ಇವಳು ಬರೆದು ಕೊಡಬೇಕು. ಅವತ್ತು ಬೆಳಿಗ್ಗೆ ಕಾಫಿ ನಾನೇ ಮಾಡಬೇಕಂತೆ, ಈಗಲೇ ಹೇಳಿಟ್ಟಿದ್ದಾಳೆ.