ವಯನಾಡಿನ ಸಣ್ಣ ಊರಿಗೆ ಹೊರಡುವ ಮುನ್ನ

ಚಳಿಗಾಲದ ರಜೆ ಬಂತೆಂದರೆ ನಮ್ಮ ಮನೆಗಳಲ್ಲಿ ಒಂದೇ ಚರ್ಚೆ. ಈ ಸಲ ಎಲ್ಲಿಗೆ? ಶ್ರವಣಬೆಳಗೊಳ ಆಗಿದೆ, ಮೂಡಬಿದಿರೆ ಆಗಿದೆ, ಹೊಂಬುಜ ಆಗಿದೆ, ಧರ್ಮಸ್ಥಳಕ್ಕಂತೂ ವರ್ಷಕ್ಕೊಮ್ಮೆ ಹೋಗಿಯೇ ಹೋಗುತ್ತೇವೆ. ದೊಡ್ಡ ಕ್ಷೇತ್ರಗಳಲ್ಲಿ ವಸತಿ ಇದೆ, ಭೋಜನಶಾಲೆ ಇದೆ, ಎಷ್ಟು ಜನ ಹೋದರೂ ವ್ಯವಸ್ಥೆ ಇದೆ. ಅಂಗಡಿಗೆ ಎರಡು ದಿನ ಬೀಗ ಹಾಕಿ ವ್ಯಾನು ಹತ್ತಿದರೆ ಆಯಿತು, ಹೆಚ್ಚಿನ ಯೋಚನೆ ಬೇಕಿಲ್ಲ.

ಆದರೆ ಮೈಸೂರಿನಿಂದ ನಾಲ್ಕು ಗಂಟೆಯ ದಾರಿಯಲ್ಲಿ, ಕೇರಳದ ವಯನಾಡು ಜಿಲ್ಲೆಯಲ್ಲಿ, ನಮ್ಮ ಮಾತನ್ನೇ ಆಡುವ, ನಮ್ಮಂತೆಯೇ ಅಭಿಷೇಕ ಮಾಡುವ ಜೈನ ಮನೆಗಳಿವೆ. ಅಲ್ಲಿನ ಬಸದಿಗಳು ಸಣ್ಣವು, ಊರುಗಳು ಇನ್ನೂ ಸಣ್ಣವು. ಅಲ್ಲಿಗೆ ಹೋಗಬೇಕಾದರೆ ಮಾತ್ರ ಯೋಚನೆ ಬೇಕು. ಆ ಯೋಚನೆ ಮಾಡದೆ ಹೋಗಿ ನಾವು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ದೊಡ್ಡಮ್ಮನನ್ನು ವಯನಾಡಿನ ಒಂದು ಹಳ್ಳಿಗೆ ಕೊಟ್ಟಿದ್ದರು. ಅವರು ತೀರಿಕೊಂಡ ಮೇಲೂ ಅವರ ಸೊಸೆ, ನನಗೆ ವರಸೆಯಲ್ಲಿ ಅತ್ತಿಗೆ, ಆ ಮನೆಯಲ್ಲೇ ಇದ್ದಾರೆ. ಮನೆಯ ಪಕ್ಕದಲ್ಲೇ ಬಸದಿ. 2012ರ ಡಿಸೆಂಬರ್ ಕೊನೆಯ ವಾರ ನಾವು 34 ಜನ ಮೂರು ವ್ಯಾನುಗಳಲ್ಲಿ ಹೊರಟೆವು. ಬತ್ತೇರಿಯಿಂದ ಒಂದು ಫೋನು ಮಾಡಿ, 'ಬರ್ತಾ ಇದ್ದೇವೆ ಅತ್ತಿಗೆ, ಮಧ್ಯಾಹ್ನ ಅಲ್ಲಿರುತ್ತೇವೆ' ಎಂದೆ. ಎಷ್ಟು ಜನ ಎಂದು ಹೇಳಲಿಲ್ಲ. ಆಮೇಲೆ ಹುಡುಗರು ಎಡಕ್ಕಲ್ ಗುಹೆ ನೋಡಲೇಬೇಕೆಂದರು. ಅಂಬುಕುತ್ತಿ ಬೆಟ್ಟ ಹತ್ತಿ ಇಳಿಯುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಅತ್ತಿಗೆಯ ಮನೆ ಮುಟ್ಟಿದಾಗ ಸಂಜೆ ಐದೂ ಕಾಲು.

ಡಿಸೆಂಬರಿನಲ್ಲಿ ಅಲ್ಲಿ ಆರು ಗಂಟೆಯ ಸುಮಾರಿಗೆ ಹೊತ್ತು ಮುಳುಗುತ್ತದೆ. ನಮ್ಮ ಹಿರಿಯರು ಯಾರೂ ರಾತ್ರಿ ಊಟ ಮಾಡುವವರಲ್ಲ. ಅತ್ತಿಗೆ ಮತ್ತು ಕೆಲಸದ ಒಬ್ಬ ಹೆಂಗಸು ಓಡಾಡಿ 34 ಎಲೆಗೂ ಬಡಿಸಿದರು. ಕೊನೆಯ ಪಂಕ್ತಿ ಏಳುವಾಗ ಅಂಗಳದಲ್ಲಿ ಬೆಳಕಿರಲಿಲ್ಲ. ನಾವು ಕೈ ತೊಳೆದು ಗಡಿಬಿಡಿಯಿಂದ ಹೊರಟೆವು. ಬಂಡೀಪುರದ ಕಾಡಿನ ದಾರಿ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದಲ್ಲ!

ವ್ಯಾನು ಸ್ವಲ್ಪ ದೂರ ಬಂದ ಮೇಲೆ ಅಮ್ಮ ನಿಧಾನವಾಗಿ ಹೇಳಿದರು: 'ಇವತ್ತು ಚತುರ್ದಶಿ. ಅವಳು ಒಂದೇ ಹೊತ್ತು ಊಟ ಮಾಡುವವಳು. ಅತಿಥಿಗಳಿಗೆ ಬಡಿಸದೆ ತಾನು ಉಣ್ಣಬಾರದು ಅಂತ ಮಧ್ಯಾಹ್ನದಿಂದ ಕಾದಿದ್ದಾಳೆ. ಅವಳ ತಟ್ಟೆ ಒಣಗಿದ್ದು ಹಾಗೇ ಇತ್ತು, ನಾನು ನೋಡಿದೆ.' ವ್ಯಾನಿನಲ್ಲಿ ಯಾರೂ ಮಾತಾಡಲಿಲ್ಲ. ಕಾಡಿನ ಗೇಟು ಮುಟ್ಟಿದಾಗ ಒಂಬತ್ತು ದಾಟಿತ್ತು. ಹಿಂದಕ್ಕೆ ಬತ್ತೇರಿಗೆ ಬಂದು ಲಾಡ್ಜಿನಲ್ಲಿ ರಾತ್ರಿ ಕಳೆದೆವು. ನಮಗೆ ಮಲಗಲು ಮಂಚ ಸಿಕ್ಕಿತು. ನಮ್ಮ ದೆಸೆಯಿಂದ ಎಪ್ಪತ್ತರ ಹತ್ತಿರದ ಒಬ್ಬ ಹೆಣ್ಣುಮಗಳು ಮರುದಿನ ಸೂರ್ಯ ಹುಟ್ಟುವವರೆಗೆ ಉಪವಾಸವಿದ್ದಳು. ಅತ್ತಿಗೆ ಆ ವಿಷಯ ಎಂದೂ ಎತ್ತಿಲ್ಲ.

ಬಯಲ್ನಾಡಿನ ನಂಟು

ವಯನಾಡು ನಮಗೆ ಹೊಸ ನೆಲವಲ್ಲ. ಹಳೆಯ ಕನ್ನಡ ಶಾಸನಗಳಲ್ಲಿ ಬರುವ ಬಯಲ್ನಾಡು ಇದೇ. ಮೈಸೂರು ಸೀಮೆಯಿಂದ ಮಲೆಯಾಳದ ಕರಾವಳಿಗೆ ಸರಕು ಇಳಿಯುತ್ತಿದ್ದ ದಾರಿ ಇಲ್ಲಿ ಹಾದುಹೋಗುತ್ತಿತ್ತು. ಮೆಣಸಿನ ಬೆನ್ನು ಹತ್ತಿದ ವ್ಯಾಪಾರವೂ, ಅದರ ಜೊತೆ ನಮ್ಮವರೂ ಈ ಘಟ್ಟದ ಮೇಲೆ ನೆಲೆಯೂರಿದರು. ಇಂದು ಅಲ್ಲಿನ ಜೈನರಲ್ಲಿ ಗೌಡರ್ ಎಂಬ ಹೆಸರಿನ ಮನೆತನಗಳು ಹೆಚ್ಚು. ಕಾಫಿ, ಮೆಣಸು, ಭತ್ತ ಅವರ ಬದುಕು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮಲಯಾಳ. ಈ ಸಮಾಜದಿಂದಲೇ ಎಂ.ಕೆ. ಜಿನಚಂದ್ರನ್ 1957ರಲ್ಲಿ ತಲಶ್ಶೇರಿಯಿಂದ ಲೋಕಸಭೆಗೆ ಆಯ್ಕೆಯಾದರು. ಮಾತೃಭೂಮಿ ಪತ್ರಿಕೆಯನ್ನು ನಡೆಸಿದ, ಮಲಯಾಳದಲ್ಲಿ ಬರೆದು ಹೆಸರಾದ ಎಂ.ಪಿ. ವೀರೇಂದ್ರಕುಮಾರ್ (1936–2020) ಕೂಡ ಕಲ್ಪೆಟ್ಟದ ಜೈನ ಮನೆತನದವರು.

ಸುಲ್ತಾನ್ ಬತ್ತೇರಿಯ ಹೆಸರಿನಲ್ಲೇ ಒಂದು ಪಾಠವಿದೆ. ಅದರ ಹಳೆಯ ಹೆಸರುಗಳಲ್ಲಿ ಒಂದು ಹನ್ನೆರಡು ಬೀದಿ. ಹೆಸರು ಅಪ್ಪಟ ಕನ್ನಡ. ಅಲ್ಲಿ 13ನೇ ಶತಮಾನದ್ದೆಂದು ಹೇಳುವ ಕಲ್ಲಿನ ಬಸದಿ ಇದೆ. ಮೊದಲು ಅದು ಪೂಜೆಯ ಸ್ಥಳ, ನಡುವೆ ವ್ಯಾಪಾರದ ತಾಣ, ಕೊನೆಗೆ ಟಿಪ್ಪು ಸುಲ್ತಾನನ ಸೈನ್ಯದ ಮದ್ದುಗುಂಡಿನ ಉಗ್ರಾಣ. ಸುಲ್ತಾನನ 'ಬ್ಯಾಟರಿ'ಯೇ ಬಾಯಿಂದ ಬಾಯಿಗೆ ಬತ್ತೇರಿಯಾಯಿತು. ಅಹಿಂಸೆಯ ಮನೆಯಲ್ಲಿ ಸಿಡಿಮದ್ದು ತುಂಬಿದ ಕಥೆ ಕೇಳಿ ಮಕ್ಕಳು ಬೆರಗಾಗುತ್ತಾರೆ. ಈಗ ಅದು ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಕಂಬಗಳು ಗಟ್ಟಿಯಾಗಿವೆ, ಹುಲ್ಲುಹಾಸು ಚೊಕ್ಕಟವಾಗಿದೆ, ಆದರೆ ನಿತ್ಯಪೂಜೆಯ ಗಂಟೆ ಇಲ್ಲ.

ಗಂಟೆ ಕೇಳಬೇಕಾದರೆ ಸಣ್ಣ ಊರುಗಳಿಗೇ ಹೋಗಬೇಕು. ಕಲ್ಪೆಟ್ಟದಿಂದ ಸುಮಾರು 6 ಕಿ.ಮೀ. ದೂರದ ಪುಳಿಯಾರ್ಮಲದಲ್ಲಿ 14ನೇ ತೀರ್ಥಂಕರ ಅನಂತನಾಥ ಸ್ವಾಮಿಯ ಬಸದಿ ಇದೆ. ವೆಣ್ಣಿಯೋಡಿನಲ್ಲಿ ಶಾಂತಿನಾಥ, ಅಂಜುಕುನ್ನಿನಲ್ಲಿ ಪಾರ್ಶ್ವನಾಥ, ಮಾನಂತವಾಡಿಯಲ್ಲಿ ಆದೀಶ್ವರ. ಪನಮರಂ ಬಳಿಯ ಪುಂಜವಯಲ್‌ನಲ್ಲಿ ಜನಾರ್ದನಗುಡಿ, ವಿಷ್ಣುಗುಡಿ ಎಂಬ ಎರಡು ಕಲ್ಲುಗುಡಿಗಳಿವೆ. ಹೆಸರು ವಿಷ್ಣುವಿನದಾದರೂ ಜೈನ ಪ್ರವಾಸದ ದಾರಿಯಲ್ಲಿ ಅವನ್ನೂ ಸೇರಿಸುವುದು ರೂಢಿ.

ಎರಡು ಗಡಿಯಾರ

ವಯನಾಡಿಗೆ ಹೋಗುವ ಜೈನ ಕುಟುಂಬ ಎರಡು ಗಡಿಯಾರ ನೋಡಬೇಕು. ಒಂದು ಸೂರ್ಯನದು, ಇನ್ನೊಂದು ಕಾಡಿನದು.

ಮೈಸೂರು, ಗುಂಡ್ಲುಪೇಟೆ, ಮುತ್ತಂಗ ಮಾರ್ಗವಾಗಿ ಬತ್ತೇರಿಗೆ ಸುಮಾರು 115 ಕಿ.ಮೀ., ಅಲ್ಲಿಂದ ಕಲ್ಪೆಟ್ಟಕ್ಕೆ ಇನ್ನು 25. ಈ ದಾರಿ ಬಂಡೀಪುರದ ಹುಲಿ ಕಾಡನ್ನೂ ವಯನಾಡು ವನ್ಯಧಾಮವನ್ನೂ ಸೀಳಿಕೊಂಡು ಹೋಗುತ್ತದೆ. ರಾತ್ರಿ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದವೆಂದು 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಎಚ್.ಡಿ. ಕೋಟೆ, ಬಾವಲಿ ಮೂಲಕ ಮಾನಂತವಾಡಿಗೆ ಹೋಗುವ ದಾರಿ ಇನ್ನೂ ಬೇಗ, ಸಂಜೆ 6ಕ್ಕೇ ಮುಚ್ಚುತ್ತದೆ. ನಮ್ಮ ವ್ಯಾಪಾರಕ್ಕೆ ತೊಂದರೆ ಎಂದು ಗೊಣಗುವವರಿದ್ದಾರೆ. ಇರುವೆಯನ್ನು ಕಂಡರೆ ಹೆಜ್ಜೆ ತಪ್ಪಿಸುವ ನಾವು, ಜಿಂಕೆ, ಆನೆ ರಾತ್ರಿ ನಿರ್ಭಯವಾಗಿ ದಾರಿ ದಾಟಲಿ ಎಂಬ ನಿಯಮಕ್ಕೆ ಗೊಣಗಬಾರದು. ನಾವು ಹಗಲಲ್ಲೇ ಉಂಡು, ಹಗಲಲ್ಲೇ ನಡೆದರೆ ಎರಡು ಗಡಿಯಾರವೂ ಒಂದೇ ಆಗುತ್ತವೆ.

ಹಾಗಾಗಿ ಒಂದೇ ದಿನದಲ್ಲಿ ಹೋಗಿ ಬರುವ ಹಂಬಲ ಬೇಡ. ಬೆಳಿಗ್ಗೆ 6ಕ್ಕೆ ಮೈಸೂರು ಬಿಟ್ಟರೆ ಹತ್ತರೊಳಗೆ ಬತ್ತೇರಿ ಬಸದಿ. ಮಧ್ಯಾಹ್ನ ಕಲ್ಪೆಟ್ಟ, ಸಂಜೆ ಬೆಳಕಿರುವಾಗಲೇ ಊಟ, ಅಲ್ಲೇ ವಸತಿ. ಮರುದಿನ ಬೆಳಿಗ್ಗೆ ಒಂದು ಸಣ್ಣ ಊರು. ಒಂದೇ ಊರು! ಅಭಿಷೇಕಕ್ಕೆ ಹೋಗಿ, ಸಾವಧಾನವಾಗಿ ಕೂತು, ಮೂರು ಗಂಟೆಗೆ ಹೊರಟರೆ ಕಾಡು ದಾಟಲು ಅವಸರವಿಲ್ಲ. ಐದು ಬಸದಿಯ ಮುಂದೆ ವ್ಯಾನು ನಿಲ್ಲಿಸಿ ಕೈ ಮುಗಿದು ಓಡುವುದಕ್ಕಿಂತ ಒಂದು ಬಸದಿಯಲ್ಲಿ ಎರಡು ಗಂಟೆ ಕೂರುವುದು ಮೇಲು.

ಹೊರಡುವ ಮುನ್ನ

ಮೊದಲನೆಯದು, ತಿಳಿಸಿ ಹೋಗಬೇಕು. ಹದಿನೈದು ದಿನ ಮೊದಲೇ ಬಸದಿಯನ್ನು ನೋಡಿಕೊಳ್ಳುವವರಿಗೆ ತಲುಪುವಂತೆ ಪತ್ರವೋ ಫೋನೋ ಆಗಲಿ. ಎಷ್ಟು ಜನ, ಎಷ್ಟು ಗಂಟೆಗೆ, ಊಟ ನಮ್ಮದೇ ತರುತ್ತೇವೆ ಎಂಬ ಮೂರು ಮಾತು ಅದರಲ್ಲಿರಬೇಕು. ಅಂಗಡಿಗೆ ಸರಕು ತರಿಸುವಾಗ ಎಷ್ಟು ಮೂಟೆ ಎಂದು ಬರೆಯದೆ ನಾವು ಆರ್ಡರು ಕೊಡುತ್ತೇವೆಯೇ? ಸಣ್ಣ ಊರಿನಲ್ಲಿ ಪೂಜೆ ಮುಗಿದ ಮೇಲೆ ಬಾಗಿಲು ಹಾಕಿರುತ್ತಾರೆ. ನಮಗಾಗಿ ಒಬ್ಬರು ತೋಟದ ಕೆಲಸ ಬಿಟ್ಟು ಬಂದು ಬೀಗ ತೆಗೆಯಬೇಕು.

ಎರಡನೆಯದು, ಹತ್ತು ಹನ್ನೆರಡು ಜನರಿಗಿಂತ ಹೆಚ್ಚು ಬೇಡ. ಎರಡೋ ಮೂರೋ ಮನೆಗಳಿರುವ ಊರಿಗೆ ಮೂರು ವ್ಯಾನು ಭಾರ.

ಮೂರನೆಯದು, ಕಾಲ ನೋಡಿ ಹೋಗಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಯನಾಡಿನ ಮಳೆ ಹುಡುಗಾಟವಲ್ಲ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಜರಿದು ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಆ ಊರುಗಳನ್ನು ಯಾತ್ರೆಯ ನಡುವೆ ನೋಡುವ ತಾಣವೆಂದು ಪಟ್ಟಿಗೆ ಸೇರಿಸಬೇಡಿ. ಅಕ್ಟೋಬರ್ ಕಳೆದ ಮೇಲೆ ಫೆಬ್ರವರಿಯವರೆಗೆ ಹವೆ ಹಿತ. ಆದರೆ ಡಿಸೆಂಬರ್, ಜನವರಿ ಕಾಫಿ ಕೊಯ್ಲಿನ ದಿನಗಳು. ಮನೆಯವರಿಗೆ ಯಾವ ದಿನ ಅನುಕೂಲವೋ ಅವರನ್ನೇ ಕೇಳುವುದು ಒಳ್ಳೆಯದು.

ನಾಲ್ಕನೆಯದು ಊಟ. ವಯನಾಡು ಶುಂಠಿ, ಮರಗೆಣಸು ಬೆಳೆಯುವ ನಾಡು. ಕಂದಮೂಲ ಬಿಟ್ಟವರಿಗೆ ಹೋಟೆಲಿನಲ್ಲಿ ಸಿಕ್ಕುವುದು ಕಡಿಮೆ. 'ಉಳ್ಳಿ, ವೆಳುತ್ತುಳ್ಳಿ, ಇಂಜಿ ವೇಂಡ' ಎಂದರೆ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಬೇಡ ಎಂದರ್ಥ. ಈ ನಾಲ್ಕು ಮಾತು ಕಲಿತರೆ ಅರ್ಧ ಕೆಲಸ ಆದಂತೆ. ಬೆಳಿಗ್ಗೆ ಪುಟ್ಟು, ಬೇಯಿಸಿದ ನೇಂದ್ರ ಬಾಳೆ ನಂಬಬಹುದು. ಆದರೂ ಅವಲಕ್ಕಿ, ಚಟ್ನಿಪುಡಿ, ಚಪಾತಿ, ನೀರು ಸೋಸುವ ಬಟ್ಟೆ ಮನೆಯಿಂದಲೇ ಇರಲಿ. ಬರುವಾಗ ಅಲ್ಲಿನ ಗಂಧಕಸಾಲ ಅಕ್ಕಿ ಕೊಂಡು ತನ್ನಿ, ಅನ್ನ ಬೇಯುವಾಗ ಮನೆಯೆಲ್ಲ ಪರಿಮಳ.

ಐದನೆಯದು, ಕಾಣಿಕೆ ಬಸದಿಯ ಹುಂಡಿಗೆ ಹಾಕಿ, ಪೂಜೆಗೆ ಬೇಕಾದ ಅಕ್ಕಿ, ತುಪ್ಪ, ಗಂಧ ಕೇಳಿ ತಿಳಿದು ಒಯ್ಯಿರಿ. ಮನೆಯವರ ಕೈಗೆ ನೋಟು ಇಟ್ಟು ಬಂಧುಗಳನ್ನು ಕೆಲಸದವರನ್ನಾಗಿ ಮಾಡಬೇಡಿ.

ಮತ್ತೆ ಅದೇ ಅಂಗಳ

2019ರ ಜನವರಿಯಲ್ಲಿ ನಾವು ಒಂಬತ್ತು ಜನ ಮತ್ತೆ ಅತ್ತಿಗೆಯ ಊರಿಗೆ ಹೋದೆವು. ಮೂರು ವಾರ ಮೊದಲೇ ಪತ್ರ ಬರೆದಿದ್ದೆ. ಪಂಚಾಂಗ ನೋಡಿ ಪರ್ವದ ದಿನ ತಪ್ಪಿಸಿದ್ದೆವು. ಹಿಂದಿನ ರಾತ್ರಿ ಕಲ್ಪೆಟ್ಟದಲ್ಲಿ ತಂಗಿ ಬೆಳಿಗ್ಗೆ ಎಂಟಕ್ಕೆ ಬಸದಿಯಲ್ಲಿದ್ದೆವು. ಅಮ್ಮ ಅಂಗಳದ ನೆಲ್ಲಿಮರದಡಿ ಕೂತು ಅಕ್ಕನ ಮದುವೆಯ ದಿನ ಆ ಅಂಗಳ ಹೇಗಿತ್ತೆಂದು ಮೊಮ್ಮಕ್ಕಳಿಗೆ ಹೇಳಿದರು. ಅಭಿಷೇಕದ ನೀರು ಸೇದಲು ನನ್ನ ಮಗ ಬಾವಿಗೆ ಹೋದ. ಅವನು ಹಗ್ಗ ಹಿಡಿದದ್ದು ಅದೇ ಮೊದಲು.

ಆ ಊರಿನಲ್ಲಿ ಈಗ ಉಳಿದಿರುವುದು ಮೂರು ಜೈನ ಮನೆ. ಅತ್ತಿಗೆಯ ಮಗ ಬೆಂಗಳೂರಿನಲ್ಲಿದ್ದಾನೆ. ಮುಂದೆ ದೀಪ ಹಚ್ಚುವವರು ಯಾರು ಎಂದು ನಾನು ಕೇಳಲಿಲ್ಲ. ಅತ್ತಿಗೆಯೇ ಹೇಳಿದರು: 'ಇಲ್ಲಿಗೆ ಬರುವವರು ಕಲ್ಲು ನೋಡಿ ಹೋಗುತ್ತಾರೆ. ಕನ್ನಡದಲ್ಲಿ ಎರಡು ಮಾತಾಡಿ ಹೋಗುವವರು ಕಡಿಮೆ.'

ಮಧ್ಯಾಹ್ನ ನಾವು ತಂದ ಬುತ್ತಿ ಬಿಚ್ಚಿದೆವು. ಅತ್ತಿಗೆ ಸಾರು, ಪಾಯಸ ಮಾಡಿದ್ದರು. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತೆವು. ಅಮ್ಮ ಮಾತ್ರ ಕೂರಲಿಲ್ಲ. ಸೌಟು ಹಿಡಿದು, 'ಮೊದಲು ನಿನ್ನ ಎಲೆ' ಎಂದು ಅತ್ತಿಗೆಗೆ ತಾವೇ ಬಡಿಸಿದರು. ಅತ್ತಿಗೆ ಒಂದು ಕ್ಷಣ ಅಮ್ಮನ ಮುಖ ನೋಡಿದರು. ಆಮೇಲೆ ತಲೆ ತಗ್ಗಿಸಿ ಊಟ ಶುರು ಮಾಡಿದರು.

ಧರ್ಮಬಂಧುಗಳೇ, ಈ ಚಳಿಗಾಲ ಒಂದು ಸಣ್ಣ ಊರನ್ನು ಆರಿಸಿಕೊಳ್ಳಿ. ತಿಳಿಸಿ ಹೋಗಿ, ಬುತ್ತಿ ಕಟ್ಟಿಕೊಂಡು ಹೋಗಿ, ಹೊತ್ತಿಗೆ ಮುಂಚೆ ಹೊರಡಿ. ಮರುವರ್ಷ ಮತ್ತೆ ಹೋಗಿ.

ಜೈ ಜಿನೇಂದ್ರ.