ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ

ಸಂಜೆಯ ಬಂಗಾರಪೇಟೆ. ಪಾನಿಪುರಿ ಗಾಡಿಯ ಮುಂದೆ ನಿಂತಿದ್ದೀರಿ. ಇಲ್ಲಿಯ ಪಾನಿ ಹಸಿರಲ್ಲ, ಬಾವಿನೀರಿನಷ್ಟು ತಿಳಿ. ಅದನ್ನು ನಂಬಿ ಒಂದು ಪುರಿ ಬಾಯಿಗಿಟ್ಟರೆ ಖಾರ ನೆತ್ತಿಗೇರುತ್ತದೆ. "ನಿಧಾನ ಸಾರ್," ಎನ್ನುತ್ತಾ ಗಾಡಿಯವನು ಇನ್ನೊಂದನ್ನು ಅದ್ದಿ ಕೊಡುತ್ತಾನೆ. ಈ ಊರಿನ ಹೆಸರಲ್ಲಿ ಬಂಗಾರ ಸೇರಿದ್ದು ಈಚೆಗೆ. ಮೊದಲು ಇದು ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್‌ನ ಹೆಸರು.

ಮಾರಿಕುಪ್ಪಂ ರೈಲು ಬಂತು, ಹತ್ತಿ. ಬೋಗಿಯ ತುಂಬ ಬೆಂಗಳೂರಿನಲ್ಲಿ ದುಡಿದು ಮನೆಗೆ ಹೊರಟವರು. ಮಡಿಲಲ್ಲಿ ಖಾಲಿ ಡಬ್ಬಿ, ಕಣ್ಣಲ್ಲಿ ನಿದ್ದೆ. ನೀವು ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ, ಪಕ್ಕದವನ ಜೊತೆ ತಮಿಳು, ಫೋನ್ ಬಂದರೆ ತೆಲುಗು. ಕೋಲಾರದ ಚಿನ್ನದ ಗಣಿಗೆಂದೇ, ಅಂದರೆ ಕೆಜಿಎಫ್‌ಗೆಂದೇ, 1894ರಲ್ಲಿ ಹಾಕಿದ ಈ ದಾರಿಯಲ್ಲಿ ಈಗ ಗಣಿ ಕೆಲಸಕ್ಕೆ ಹೋಗುವವರು ಒಬ್ಬರೂ ಇಲ್ಲ.

ಕೋರಮಂಡಲ್, ಊರ್ಗಾಂ ದಾಟಿತು. ಚಾಂಪಿಯನ್‌ನಲ್ಲಿ ಇಳಿಯೋಣ. ಎದುರಿಗೇ ಸೈನೈಡ್ ಗುಡ್ಡ. ಅದಿರು ಪುಡಿ ಮಾಡಿ, ಸೈನೈಡ್ ಬಳಸಿ ಚಿನ್ನ ಹಿಂಡಿದ ಮೇಲೆ ಸುರಿದ ಬೂದುಬಣ್ಣದ ಮಣ್ಣು ಅದು. ಗಾಳಿ ಎದ್ದರೆ ಹಲ್ಲಿನ ಸಂದಿಗೂ ಬರುತ್ತದೆ. 120 ವರ್ಷಗಳಲ್ಲಿ ಇಲ್ಲಿಂದ ಹೊರಟ ಚಿನ್ನ ಸುಮಾರು 800 ಟನ್. ಗುಡ್ಡ ಮಾತ್ರ ಊರಿಗೇ ಉಳಿಯಿತು.

ಗಣಿ ಕಾರ್ಮಿಕರ ಲೈನ್ ಮನೆಗಳ ನಡುವೆ ನಡೆಯಿರಿ, ತಲೆ ತಗ್ಗಿಸಿ. ಜಗಲಿಯ ಮೇಲಿನ ಹಿರಿಯರೊಬ್ಬರು ಜಾಗ ಸರಿಸಿ ಕೂರಿಸುತ್ತಾರೆ. ಮೂರು ಕಿಲೋಮೀಟರಿಗೂ ಕೆಳಗೆ, ಕೈಯಿಟ್ಟರೆ ಸುಡುವ ಬಂಡೆಯ ಮುಂದೆ ನಿಂತವರು. "ಏರ್‌ಬ್ಲಾಸ್ಟ್ ಆದ್ರೆ ಮೇಲಿದ್ದ ಮನೇಲಿ ಪಾತ್ರೆ ಅದುರ್ತಿತ್ತು ಸಾರ್. ಹೆಂಗಸ್ರೆಲ್ಲಾ ಶಾಫ್ಟ್ ಹತ್ರ ಓಡೋರು." ಒತ್ತಡಕ್ಕೆ ಬಂಡೆಯೇ ಸಿಡಿಯುವುದಕ್ಕೆ ಇಲ್ಲಿಯವರು ಇಟ್ಟ ಹೆಸರು ಏರ್‌ಬ್ಲಾಸ್ಟ್. ಪುಸ್ತಕಗಳಲ್ಲಿ ಈ ಗಣಿಗೆ ಬೇರೆ ಹೆಗ್ಗಳಿಕೆಗಳಿವೆ. 1902ರಲ್ಲೇ ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ವಿದ್ಯುತ್ ತಂದರು. 1965ರಲ್ಲಿ ಈ ಗಣಿಯ ಆಳದಲ್ಲೇ ವಿಜ್ಞಾನಿಗಳಿಗೆ ವಾತಾವರಣದ ನ್ಯೂಟ್ರಿನೊಗಳ ಸುಳಿವು ಸಿಕ್ಕಿತು. ಹಿರಿಯರ ನೆನಪಿನಲ್ಲಿ ಗಟ್ಟಿಯಾಗಿ ನಿಂತಿರುವುದು ಇವೆರಡೂ ಅಲ್ಲ, ಗಣಿ ಮುಚ್ಚಿದ 2001ರ ಫೆಬ್ರವರಿ 28.

ಗಣಿ ಹೋದರೂ ಪಂಚಾಂಗ ನಿಂತಿಲ್ಲ. ತಮಿಳರ ಆಡಿ ತಿಂಗಳಲ್ಲಿ ಮಾರಿಯಮ್ಮನಿಗೆ ಅಂಬಲಿ ಕಾಯಿಸುತ್ತಾರೆ, ಚರ್ಚಿನಲ್ಲಿ ಮಾತೆಗೆ ಮೇಣದಬತ್ತಿ ಹಚ್ಚುತ್ತಾರೆ. ಬುದ್ಧಪೂರ್ಣಿಮೆಯೂ ಇದೆ. ತಮಿಳು ಚಿಂತಕ ಅಯೋತ್ತಿ ದಾಸರ್ ಅವರ ಬೌದ್ಧ ಚಿಂತನೆ ಇಲ್ಲಿಯ ದಲಿತ ಕಾರ್ಮಿಕರನ್ನು ತಲುಪಿದ್ದು ಅಂಬೇಡ್ಕರ್ ಅವರ ದೀಕ್ಷೆಗೆ ಎಷ್ಟೋ ದಶಕ ಮೊದಲು. "ಲಿಟ್ಲ್ ಇಂಗ್ಲೆಂಡ್" ಎಂದು ಈ ಊರನ್ನು ಹೊಗಳುವವರು ಬ್ರಿಟಿಷರ ಕ್ಲಬ್ಬು, ಬಂಗಲೆಗಳ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಈ ಬೀದಿಗೆ ಬರುವುದು ಕಡಿಮೆ.

ಇನ್ನೊಂದೇ ನಿಲ್ದಾಣ, ಮಾರಿಕುಪ್ಪಂ. ಇಲ್ಲಿಗೆ ಹಳಿ ಮುಗಿಯುತ್ತದೆ, ಕಥೆ ಇಲ್ಲಿಂದಲೇ ಶುರು. 1802ರಲ್ಲಿ ಮೈಸೂರಿನ ಗಡಿ ಅಳೆಯಲು ಬಂದ ಜಾನ್ ವಾರೆನ್ ಎಂಬ ಸೇನಾಧಿಕಾರಿ, ಚಿನ್ನ ತೋರಿಸಿದವರಿಗೆ ಇನಾಮು ಎಂದ. ಊರ್ಗಾಂನವರು ಗಾಡಿಯಲ್ಲಿ ಮಣ್ಣು ತಂದು ಅವನ ಕಣ್ಣೆದುರೇ ಜಾಲಿಸಿ ಹೊಳೆಯುವ ಕಣ ತೋರಿಸಿದರು. ಮಾರಿಕುಪ್ಪಂನಲ್ಲಿ ಜನ ಹಳೆಯ ಗುಂಡಿಗೆ ಇಳಿದು, ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸಿ ಕಲ್ಲು ಮೇಲೆತ್ತುತ್ತಿದ್ದರು. ಅದನ್ನು ಕುಟ್ಟಿ ತೊಳೆಯುವುದು ಹೆಂಗಸರ ಕೆಲಸ. ವಾರೆನ್ ಎಲ್ಲವನ್ನೂ ಬರೆದಿಟ್ಟ. ಆ ಬರಹ ಓದಿ 1871ರಲ್ಲಿ ಇಲ್ಲಿಗೆ ಬಂದವನು ಲ್ಯಾವೆಲ್ಲಿ ಎಂಬ ಐರಿಷ್ ಸೈನಿಕ. ಕೆಜಿಎಫ್ ಚಿನ್ನ ಕಂಡುಹಿಡಿದವರು ಯಾರೆಂದು ಕೇಳಿದರೆ ಈಗಲೂ ಜನ ಅವನ ಹೆಸರನ್ನೇ ಹೇಳುತ್ತಾರೆ.